ಒಂದು ತಾಸು ಹದಿನೈದು ನಿಮಿಷ

ಮೇ ೧೪, ಬುಧವಾರ. ಮಸರಕಲ್.

ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಬಾರದಿತ್ತು.

ಬೆಳಗಿನ ಜಾವ ಅವ್ವ ತೀರಿದಳು. ತಂಗಿ ದಾನೇಶ್ವರಿ ಮೈಸೂರಿನಲ್ಲಿ ನರ್ಸ್. ಅವಳು ಎಷ್ಟೊತ್ತಿಗೆ ಬರುತ್ತಾಳೆಂದು ಸುಂಕಪ್ಪ ಕಾಕಾ ಕೇಳಿದಾಗ ಮೊಬೈಲಿನಲ್ಲಿ ಹುಡುಕಿದೆ. ಮೈಸೂರು ವಿಮಾನ ನಿಲ್ದಾಣದಿಂದ ನಮಗೆ ಹತ್ತಿರದ ಕಲಬುರಗಿ ನಿಲ್ದಾಣಕ್ಕೆ ಐನೂರ ಅರವತ್ತೈದು ಕಿಲೋಮೀಟರ್, ಒಂದು ತಾಸು ಹದಿನೈದು ನಿಮಿಷ ಎಂದಿತ್ತು. ಅದನ್ನೇ ಗಟ್ಟಿಯಾಗಿ ಓದಿದೆ, ತಂಗಿಗೂ ಫೋನ್ ಮಾಡಿ ಹೇಳಿದೆ.

"ಹಂಗಾರ ಮಧ್ಯಾಹ್ನದೊಳಗ ಬಂದಬಿಡ್ತಾಳ ಬಿಡು," ಎಂದು ಕಾಕಾ ಬಂದವರನ್ನೆಲ್ಲ ಕೂರಿಸಿದ.

ಹತ್ತಕ್ಕೆ ತಂಗಿಯ ಫೋನ್ ಬಂತು. "ಅಣ್ಣಾ, ಇಲ್ಲಿಂದ ಕಲಬುರಗಿಗೆ ವಿಮಾನನ ಇಲ್ಲಂತ! ಯಾರ ಹೇಳಿದ್ರು ನಿನಗ?"

ಆ ಪುಟ ಎರಡು ನಿಲ್ದಾಣಗಳ ನಡುವಿನ ದೂರಕ್ಕೆ ಹಾರಾಟದ ಸಮಯದ ಲೆಕ್ಕ ಹಾಕಿತ್ತು, ಅಷ್ಟೆ. ವಿಮಾನ ಇದೆ ಎಂದು ಎಲ್ಲೂ ಹೇಳಿರಲಿಲ್ಲ. ನನ್ನ ಮಾತು ಕೇಳಿ ವಿಮಾನ ನಿಲ್ದಾಣಕ್ಕೆ ಹೋದವಳಿಗೆ ಬೆಳಗಿನ ಬಸ್ಸೂ ತಪ್ಪಿತು. ಮಧ್ಯಾಹ್ನದ ಬಸ್ಸು ಹಿಡಿದಳು.

ಈ ಬಿಸಿಲಿಗೆ ಇನ್ನು ಇಡಲಾಗದು ಎಂದು ಹೊತ್ತು ಮುಳುಗುವ ಮೊದಲೇ ಅವ್ವನನ್ನು ಮಣ್ಣು ಮಾಡಿದೆವು.

ಏಳಕ್ಕೆ ಮತ್ತೆ ಅವಳೇ. "ಚಿತ್ರದುರ್ಗ ದಾಟೀನಿ. ನಾ ಬರೂತನಕ ತಡೀರಿ. ಅವ್ವನ ಬಾಜೂಕ ಯಾರದಾರ?"

"ನಾನ ಅದೀನವಾ," ಅಂದೆ. ಕೈಗೆ ಹತ್ತಿದ ಮಣ್ಣನ್ನು ಇನ್ನೂ ತೊಳೆದಿರಲಿಲ್ಲ.

ಬಸ್ಸು ರಾತ್ರಿ ಹನ್ನೆರಡೂವರೆಗೆ ಮಾನ್ವಿಗೆ ಬರುತ್ತದೆ. ಬೈಕಿನಲ್ಲಿ ಕರೆತರಬೇಕು. ಮಣ್ಣು ಮಾಡಿದ್ದನ್ನು ಬಸ್‌ಸ್ಟ್ಯಾಂಡಿನಲ್ಲೇ ಹೇಳಲೇ, ದಾರಿಯಲ್ಲಿ ಹೇಳಲೇ? ದಾರಿಯಲ್ಲಾದರೆ ಹಿಂದೆ ಕುಳಿತವಳ ಮುಖ ನನಗೆ ಕಾಣುವುದಿಲ್ಲ. ಅದಕ್ಕೇ ದಾರಿಯಲ್ಲಿ ಹೇಳೋಣ ಅನ್ನಿಸುತ್ತಿದೆ. ಎಂಥವನು ನಾನು.

ಮತ್ತೆ ಅವಳ ಫೋನ್ ಬರುತ್ತಿದೆ. ಬಾಜೂಕ ಯಾರದಾರ ಎಂದು ಈಗಲೂ ಕೇಳಿದರೆ...