ಮೂರನೇ ಹಗ್ಗದ ಚುರಮರಿ

ನೆರಳು ವರ್ಷ 131, ಮೂರನೇ ಬೇಸಿಗೆಯ ಇಪ್ಪತ್ತೇಳನೇ ದಿನ
ದೊಡ್ಡ ಕ್ವಾರಿ, ಇಳಕಲ್ಲು

ಇಂದುಮತಿ ಅಜ್ಜಿಯವರಿಗೆ ಪರಪ್ಪನ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ಇನ್ನೂರ ಮೂವತ್ತರ ಆಸುಪಾಸಿನ ಇಸವಿ. ನಮ್ಮಲ್ಲಿ ವರ್ಷಕ್ಕೆ ಮೂರು ಬೇಸಿಗೆ. ನಡುವೆ ಬಂದು ಹೋಗುವ ತಂಪು ಹೆಸರಿಡುವಷ್ಟು ದಿನ ನಿಲ್ಲುವುದಿಲ್ಲ. ನನಗೀಗ ಅರವತ್ತೊಂದು. ನನ್ನ ಬಳಿ ಇರುವ ಫೋಟೊದಲ್ಲಿ ನಿಮಗೆ ಇಪ್ಪತ್ತೈದು ದಾಟಿದ ಹಾಗೆ ಕಾಣುವುದಿಲ್ಲ. ಆದರೂ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಅಜ್ಜಿ ಎನ್ನದೆ ಬೇರೆ ಏನೆಂದರೂ ನನ್ನ ನಾಲಿಗೆ ಒಪ್ಪುವುದಿಲ್ಲ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು. ಎರಡು ನೂರು ವರ್ಷದಲ್ಲಿ ಮಾತು ಸವೆದಿದೆ, ಕೆಲವು ಹೊಸದಾಗಿ ಹುಟ್ಟಿವೆ. ಹೊಸದು ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಹೇಳಲು ಮರೆತರೆ ಕ್ಷಮಿಸಬೇಕು, ಈಗೀಗ ನನಗೆ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ಈ ಕಾಗದಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಹಿಂದಿನ ಕಾಲಕ್ಕೆ ಕಳಿಸುವ ಓಲೆ, ಒಬ್ಬರಿಗೆ ಜನ್ಮಕ್ಕೆ ಒಂದೇ. ಹೆಚ್ಚಿನವರು ಮರ ಕಡಿಯಬೇಡಿ, ಕೆರೆ ಮುಚ್ಚಬೇಡಿ ಎಂದು ಬರೆಯುತ್ತಾರೆ. ಅಂಥವು ನಿಮ್ಮ ಕಾಲದವರಿಗೆ ಸಾಕಷ್ಟು ಮುಟ್ಟಿರಬೇಕು. ಯಾರೂ ಓದಿದ ಹಾಗೆ ಕಾಣುವುದಿಲ್ಲ, ಆ ಮಾತು ಬೇರೆ. ನಮ್ಮ ಓಣಿಯ ಒಬ್ಬರು ತಮ್ಮ ಅಜ್ಜನ ಅಜ್ಜನಿಗೆ ಒಂದು ಬೇವಿನ ಗಿಡ ನೆಡಿರೆಂದು ಬರೆದಿದ್ದರು. ಈಗ ಅವರ ಬಾಗಿಲ ಮುಂದೆ ಬೇವಿನ ಬೊಡ್ಡೆಯೊಂದಿದೆ. ಅದು ಮೊದಲಿನಿಂದಲೂ ಇತ್ತು ಎನ್ನುವವರೂ ಇದ್ದಾರೆ. ನಾನು ಬರೆಯುವುದು ಒಂದು ನಾಯಿಯ ವಿಷಯ. ಓಲೆಮನೆಯ ಗುಮಾಸ್ತೆ ನನ್ನ ಅರ್ಜಿ ಓದಿ, "ನಾಯಿ ಸಲುವಾಗಿ ಹಿಂದೋಲಿ ಹಾಳ ಮಾಡ್ತೀರಲ್ರೀ ಕಾಕಾ, ಇನ್ನೊಮ್ಮಿ ವಿಚಾರ ಮಾಡ್ರಿ" ಎಂದಳು. ವಿಚಾರ ಮಾಡಿಯೇ ಬಂದಿದ್ದೇನೆ. ನಿಮ್ಮಿಂದ ನನಗೆ ಒಂದೇ ಒಂದು ಮಾತು ಬೇಕು. ಅದು ಸಿಗದಿದ್ದರೆ ನಮ್ಮ ನಾಯಿ ಚುರಮರಿಗೆ ಬಿಡುಗಡೆಯಿಲ್ಲ, ಬಹುಶಃ ಈ ಕ್ವಾರಿಯ ಆರು ನೂರು ಜನಕ್ಕೆ ನೆರಳೂ ಇಲ್ಲ.

ನಿಮ್ಮ ಕಾಲದಲ್ಲಿ ಕೆಂಪು ಕಲ್ಲು ತೆಗೆದು ತೆಗೆದು ದೊಡ್ಡ ಗುಂಡಿ ಬಿಟ್ಟುಹೋದಿರಲ್ಲ, ನಾವು ಅದರೊಳಗೇ ಇದ್ದೇವೆ. ನಾಲ್ಕೂ ಗೋಡೆಗೆ ಮೆಟ್ಟಿಲು ಮೆಟ್ಟಿಲಾಗಿ ಮನೆ, ತಳದಲ್ಲಿ ನೀರು, ಮೇಲೆ ಬಾಯಿಗೆ ಅಡ್ಡಲಾಗಿ ಬಟ್ಟೆಯ ಚಾವಣಿ. ಅದಕ್ಕೆ ಮಹಾನೆರಳು ಎನ್ನುತ್ತೇವೆ. ನಿಮ್ಮೂರ ನೇಕಾರರು ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಸೇರಿಸುತ್ತಿದ್ದರಲ್ಲ, ಅದೇ ವಿದ್ಯೆಯಿಂದ ಇನ್ನೂರು ಪಟ್ಟಿಗಳನ್ನು ಸೇರಿಸಿ ನೇಯ್ದದ್ದು. ಸೂರ್ಯ ಸರಿದ ಹಾಗೆ ಅದನ್ನು ಸರಿಸಬೇಕು, ಕೆಂಗಾಳಿ ಬರುವ ಮೊದಲು ಸುತ್ತಿ ಕಟ್ಟಬೇಕು. ಕೆಂಗಾಳಿ ಎಂದರೆ ತೆಂಕಲಿನಿಂದ ಬರುವ ಸುಡುಗಾಳಿ. ಅದರ ಬಾಯಿಗೆ ಬಿಚ್ಚಿದ ಬಟ್ಟೆ ಸಿಕ್ಕರೆ ಒಂದು ಪಟ್ಟಿಯೂ ಉಳಿಯುವುದಿಲ್ಲ. ಬಟ್ಟೆಗೆ ಏಳು ಹಗ್ಗ, ಒಂದೊಂದು ಹಗ್ಗದ ತುದಿಗೆ ಒಬ್ಬ ನೆರಳುಗಾರ, ಅವನ ಜೊತೆ ಒಂದು ನಾಯಿ. ನಾನು ಮೂರನೇ ಹಗ್ಗದವನು. ನಾಯಿ ಹಗ್ಗಕ್ಕೆ ಪಕ್ಕೆ ತಾಗಿಸಿ ಕೂರುತ್ತದೆ. ಎಷ್ಟೋ ದೂರದ ಗಾಳಿಯ ನಡುಕ ಹಗ್ಗದಲ್ಲಿ ಅದಕ್ಕೆ ಗೊತ್ತಾಗುತ್ತದೆ. ಯಂತ್ರಗಳೂ ಇವೆ. ನಾಯಿ ಬೊಗಳಿದ ಮೇಲೆ ಅವೂ ಕೂಗುತ್ತವೆ.

ಈ ನಾಯಿಗಳಿಗೆ ಕಲಿಸುವುದು ಎರಡೇ ಮಾತು. "ನಿಂದರವ್ವ" ಎಂದರೆ ಇದ್ದಲ್ಲೇ ಕೂತು ಕಾಯಬೇಕು. "ಸಾಕು, ಬಾರವ್ವ" ಎಂದರೆ ಕೆಲಸ ಮುಗಿಯಿತು, ಮನೆಗೆ ನಡೆ. ಎರಡನ್ನೂ ಆ ಮನೆಯವರೇ ಹೇಳಬೇಕು. ಇದಕ್ಕೆ ಮನೆಯ ಬಾಯಿ ಎನ್ನುತ್ತೇವೆ. ಬೇರೆ ಮನೆಯವರು ರೊಟ್ಟಿ ತೋರಿಸಿ ಕರೆದರೂ ನಾಯಿ ಕದಲುವುದಿಲ್ಲ. ಅದಕ್ಕೇ ನಾಯಿ ಸಾಯುವ ಹೊತ್ತಿಗೆ ಮನೆಯವರು ಅದರ ಕಿವಿಯಲ್ಲಿ ಎರಡನೇ ಮಾತು ಹೇಳಿ ಕಳಿಸಬೇಕು. ಹೇಳದಿದ್ದರೆ ಅದು ಸತ್ತ ಮೇಲೂ ಕಾಯುತ್ತ ಕೂತಿರುತ್ತದೆ ಎಂದು ನಮ್ಮ ಹಿರಿಯರ ನಂಬಿಕೆ. ನಾನು ಇಂಥದ್ದನ್ನೆಲ್ಲ ಪೂರ್ತಿ ನಂಬುವವನೂ ಅಲ್ಲ, ಪೂರ್ತಿ ಬಿಡುವವನೂ ಅಲ್ಲ. ಹಗ್ಗ ಕಂಡರೆ ಹಾವೆನ್ನುವ ಜಾತಿಯವನು ಎಂದು ನನ್ನ ಹೆಂಡತಿ ನಗುತ್ತಿದ್ದಳು, ದಿನಾ ಹಗ್ಗ ಹಿಡಿಯುವವನಿಗೆ.

ಚುರಮರಿಯನ್ನು ತಂದವಳು ಅವಳೇ, ನನ್ನ ಹೆಂಡತಿ ಗಂಗವ್ವ. ಹದಿನಾಲ್ಕು ವರ್ಷದ ಹಿಂದಿನ ಮಾತು. ತಂದ ದಿನವೇ ಈ ಮರಿ ಅವಳ ಮಡಿಲಲ್ಲಿದ್ದ ಚುರಮರಿಯ ಪೊಟ್ಟಣಕ್ಕೆ ಮೂತಿ ಹಾಕಿ, ಮೂಗಿಗೆಲ್ಲ ಅಂಟಿಸಿಕೊಂಡು ಸೀನಿತಂತೆ. ಹೆಸರಿಡಲು ಬೇರೆ ಶಾಸ್ತ್ರ ಬೇಕಾಗಲಿಲ್ಲ. ಗಂಗವ್ವ ತೀರಿ ಒಂಬತ್ತು ವರ್ಷ. ನಮಗೆ ಮಕ್ಕಳಿಲ್ಲ. ಆ ಒಂಬತ್ತು ವರ್ಷ ನಾನು ಮಾತಾಡಿದ್ದೆಲ್ಲ ಚುರಮರಿಯ ಜೊತೆ. ರೊಟ್ಟಿಯ ಅಂಚು ಅವಳಿಗೆ, ನಡುವಿನದು ನನಗೆ. ಪುಂಡಿಪಲ್ಯ ಕಂಡರೆ ಮುಖ ತಿರುಗಿಸುವಳು, ಉಳ್ಳಾಗಡ್ಡಿ ಮಾತ್ರ ಕದ್ದು ತಿನ್ನುವಳು, ಬೈದರೆ ನಾನೇ ತಪ್ಪು ಮಾಡಿದ ಹಾಗೆ ನೋಡುವಳು. ಈಗಲೂ ಉಣ್ಣುವಾಗ ನನ್ನ ಎಡಗೈ ತಾನಾಗಿ ರೊಟ್ಟಿಯ ಅಂಚು ಮುರಿದು ಕೆಳಗೆ ಹಿಡಿಯುತ್ತದೆ. ಯಾರೂ ತೆಗೆದುಕೊಳ್ಳುವುದಿಲ್ಲ. ಸ್ವಲ್ಪ ಹೊತ್ತು ಹಿಡಿದಿದ್ದು ಅಲ್ಲೇ ಇಡುತ್ತೇನೆ, ಇರುವೆ ಬರುತ್ತವೆ. ಅಜ್ಜಿ, ನನಗೆ ಬಹಳ ದುಃಖವಾಗಿದೆ. ಹೆಂಡತಿ ಸತ್ತಾಗ ಅಳಲು ಜನ ಬಿಟ್ಟರು. ನಾಯಿಗೆ ಅತ್ತರೆ ಮೂರನೇ ದಿನಕ್ಕೆ ಗಂಟಲು ಕೆರೆಯುತ್ತಾರೆ.

ಚುರಮರಿ ಹನ್ನೊಂದು ದಿನ ಮಲಗಿದ್ದಳು. ಹಿಂಗಾಲಿನ ಶಕ್ತಿ ಬಿದ್ದುಹೋಗಿತ್ತು. ದನದ ಡಾಕ್ಟರು ಬಂದು ನೋಡಿ, "ಇವತ್ತ ನಾಳಿ ಅಷ್ಟರೀ, ಬಾಜೂ ಬಿಟ್ಟ ಏಳಬ್ಯಾಡ್ರಿ" ಎಂದು ಹೋದರು. ನಾನು ಏಳಲಿಲ್ಲ. ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತೆ. ಎರಡನೇ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಹೋಗಿಬಿಡುತ್ತಾಳೆಂದು ಹೆದರಿ ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಎಂದು ಮುಂದೂಡಿದೆ. ಮಧ್ಯಾಹ್ನದ ಮೇಲೆ ಉಳಿದ ಆರೂ ಹಗ್ಗದ ನಾಯಿಗಳು ಒಟ್ಟಿಗೆ ಬೊಗಳಿದವು. ಕೆಂಗಾಳಿ. ಮೂರನೇ ಹಗ್ಗ ಸುತ್ತುವವರು ಬೇರೆ ಯಾರೂ ಇರಲಿಲ್ಲ. ನಾನು ಎದ್ದೆ. ಅವಳೂ ಏಳಲು ಹೋದಳು, ಹದಿನಾಲ್ಕು ವರ್ಷದ ಅಭ್ಯಾಸ. ನನ್ನ ಬಾಯಿಂದಲೂ ಅಭ್ಯಾಸದ ಮಾತೇ ಬಂತು. "ನಿಂದರವ್ವ, ಈಗ ಬಂದೆ" ಎಂದು ಮೆಟ್ಟಿಲು ಹತ್ತಿ ಓಡಿದೆ.

ಬಟ್ಟೆ ಸುತ್ತಿ ಬಿಗಿದು ಇಳಿದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಚುರಮರಿ ಮಲಗಿರಲಿಲ್ಲ, ಕೂತಿದ್ದಳು. ಮುಂಗಾಲು ಊರಿ, ಪಕ್ಕೆಯನ್ನು ಗೋಡೆಗೆ ಆನಿಸಿ, ಮುಖ ಬಾಗಿಲ ಕಡೆ ಇಟ್ಟುಕೊಂಡು, ಹಗ್ಗದ ಬಳಿ ಕೂರುತ್ತಿದ್ದ ಹಾಗೆಯೇ. ಹಿಂಗಾಲಿನಲ್ಲಿ ಬಲವಿಲ್ಲದ ನಾಯಿ ಹೇಗೆ ಎದ್ದು ಕೂತಿತೋ ನನಗೆ ಗೊತ್ತಿಲ್ಲ. ನಾನು ಬಾಗಿಲಲ್ಲೇ ನಿಂತು ಸಾಕು ಬಾರವ್ವ, ಸಾಕು ಬಾರವ್ವ ಎಂದು ಎಷ್ಟು ಸಲ ಹೇಳಿದೆನೋ. ಮೈ ಆಗಲೇ ತಣ್ಣಗಾಗಿತ್ತು.

ನಮ್ಮಲ್ಲಿ ಹಗ್ಗದ ನಾಯಿಯನ್ನು ಅದರ ಹಗ್ಗದ ಬುಡದಲ್ಲೇ ಮಣ್ಣು ಮಾಡುತ್ತಾರೆ. ಓಣಿಯವರೆಲ್ಲ ಒಂದೊಂದು ಚೊಂಬು ನೀರು ಹಿಡಿದು ಬರುತ್ತಾರೆ, ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯಿಲ್ಲ. ನೀರು ಬಿಡುವ ಮೊದಲು ಓಣಿಯ ಹಿರಿಯರು ಒಂದು ಪ್ರಶ್ನೆ ಕೇಳಬೇಕು. ನಮ್ಮ ಓಣಿಗೆ ಹಿರಿಯಳು ಫಕೀರವ್ವ, ತೊಂಬತ್ತರ ಮುದುಕಿ. ಆಕೆ ನನ್ನ ಮುಖ ನೋಡಿ, "ಹೇಳಿದ್ಯೇನಪಾ?" ಎಂದಳು. ಸುತ್ತ ಎಲ್ಲರೂ ಚೊಂಬು ಹಿಡಿದು ನಿಂತಿದ್ದರು. "ಹೇಳೀನಿ" ಎಂದೆ. ಹೇಳಿದ್ದು ನಿಜ, ಸತ್ತ ಮೇಲೆ ಹೇಳಿದ್ದೆನೆಂಬುದನ್ನು ನುಂಗಿಕೊಂಡೆ. ಎಲ್ಲರೂ ನೀರು ಬಿಟ್ಟರು.

ಹದಿನೈದು ದಿನಕ್ಕೆ ಮೂರನೇ ಹಗ್ಗಕ್ಕೆ ಹೊಸ ಹೆಣ್ಣು ನಾಯಿ ಬಂತು. ಚುರಮರಿಯ ಹಿಂದೆ ಪುಟಾಣಿ ಕಾಳು ಇರಲೇಬೇಕೆಂದು ಓಣಿಯವರೇ ಪುಟಾಣಿ ಎಂದು ಹೆಸರಿಟ್ಟರು. ಬೇರೆ ಹಗ್ಗದಲ್ಲಿ ಎರಡು ವರ್ಷ ಕಲಿತ ಜಾಣೆ, ನನ್ನ ಬಾಯಿಗೂ ಬೇಗ ಹೊಂದಿಕೊಂಡಳು. ಆದರೆ ಹಗ್ಗದ ಬುಡಕ್ಕೆ ಕರೆದುಕೊಂಡು ಹೋದರೆ ಮೂಸುತ್ತಾಳೆ, ಬಾಲ ಇಳಿಸುತ್ತಾಳೆ, ಎರಡು ಮೊಳ ಆಚೆಗೆ ಸರಿದು ಕೂರುತ್ತಾಳೆ. ಬಸ್ಸಿನ ಸೀಟಿನಲ್ಲಿ ಮೊದಲೇ ಕೂತ ಹಿರಿಯರಿಗೆ ಜಾಗ ಬಿಟ್ಟು ಕೂರುತ್ತಾರಲ್ಲ, ಹಾಗೆ. ಎಳೆದರೂ ಬರುವುದಿಲ್ಲ, ರೊಟ್ಟಿಗೂ ಬರುವುದಿಲ್ಲ. ಅಷ್ಟು ದೂರದಿಂದ ಹಗ್ಗದ ನಡುಕ ಅವಳಿಗೆ ತಿಳಿಯುವುದಿಲ್ಲ. ತೆಂಕಲ ಮೂಲೆಗೆ ಇರುವುದು ನನ್ನ ಹಗ್ಗವೇ, ದೊಡ್ಡ ಕೆಂಗಾಳಿ ಮೊದಲು ಮುಟ್ಟುವುದೂ ಅದನ್ನೇ. ಆ ಗಾಳಿ ಬರಲು ಇನ್ನು ಒಂಬತ್ತು ದಿನ ಎನ್ನುತ್ತಾರೆ. ಡಾಕ್ಟರು, "ಹಳೇ ನಾಯಿ ವಾಸ್ನಿರೀ, ಹೋಗತೈತಿ" ಎಂದರು. ಇರಬಹುದು. ಆದರೆ ಆ ಎರಡು ಮೊಳದ ಜಾಗದಲ್ಲಿ ಚುರಮರಿ ಇನ್ನೂ ಕಾಯುತ್ತ ಕೂತಿದ್ದಾಳೆಂದೇ ನನಗೆ ಅನಿಸುತ್ತದೆ. ಚಾವಣಿಯ ಬಟ್ಟೆ ಸ್ವಲ್ಪ ಪಟಪಟಿಸಿದರೂ ಎದ್ದು ಹೊರಗೆ ಬರುತ್ತೇನೆ. ಕೆಳಗೆ ಬಟ್ಟೆ ಒಗೆಯುವವರನ್ನು, ಸಾಲಿಗೆ ಹೋಗುವ ಮಕ್ಕಳನ್ನು ನೋಡಿ ತಲೆ ತಗ್ಗಿಸುತ್ತೇನೆ.

ನಿನ್ನೆ ತಡೆಯಲಾಗದೆ ಫಕೀರವ್ವನ ಮನೆಗೆ ಹೋದೆ. ಪುಂಡಿಸೊಪ್ಪು ಬಿಡಿಸುತ್ತ ಕೂತಿದ್ದಳು. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲೂ ಇಲ್ಲ. "ನಲವತ್ತೆರಡ ದಿನ ಇದನ್ನ ಹೊಟ್ಟ್ಯಾಗ ಇಟ್ಕೊಂಡ ಅಡ್ಡಾಡೀಯೇನೋ ತಮ್ಮಾ" ಎಂದಳು. ಈಗ ಹೋಗಿ ಗೋರಿಯ ಮುಂದೆ ಹೇಳಲೇ ಎಂದು ಕೇಳಿದೆ. "ಸುಳ್ಳಾಡಿದ ಬಾಯಿಲೆ ಬಿಡುಗಡಿ ಆಗಂಗಿಲ್ಲಪಾ. ನಿಮ್ಮ ಮನೀದ ಬ್ಯಾರೆ ಬಾಯಿ ಬೇಕು. ಯಾರದಾರ?" ಎಂದಳು. ನನಗೆ ಅಳು ಬಂತು. ಯಾರೂ ಇಲ್ಲಬೇ ಎಂದೆ. ಬಿಡಿಸಿದ ದಂಟನ್ನು ಆಚೆ ಇಟ್ಟು ಆಕೆ ಹೇಳಿದಳು: "ಮುಂದ ಯಾರೂ ಇಲ್ಲಂದ್ರ ಹಿಂದ ನೋಡು. ನಿನ್ನ ಹಿಂದೋಲಿ ಇನ್ನೂ ಐತಿಲ್ಲೊ?"

ಮನೆಗೆ ಬಂದು ಪೆಟ್ಟಿಗೆಯೆಲ್ಲ ಸುರಿದೆ. ನನ್ನ ಮನೆತನದ್ದೆಂದು ಉಳಿದಿರುವುದು ಒಂದೇ ಫೋಟೊ. ಹೊಸ್ತಿಲ ಮೇಲೆ ನೀವು ಕೂತಿದ್ದೀರಿ, ಪಕ್ಕದಲ್ಲಿ ಒಂದು ಕಂದು ನಾಯಿ, ನಿಮ್ಮ ಕೈ ಅದರ ಕುತ್ತಿಗೆಯ ಮೇಲಿದೆ. ಹಿಂದೆ ನೀಲಿ ಶಾಯಿಯಲ್ಲಿ "ನಾನು, ಬಂಟಿ" ಎಂದು ಬರೆದು ಕೆಳಗೆ ನಿಮ್ಮ ಹೆಸರಿನ ಸಹಿಯಿದೆ. ಇಷ್ಟನ್ನೇ ನಂಬಿ ಬರೆಯುತ್ತಿದ್ದೇನೆ. ಬಂಟಿ ಪಕ್ಕದ ಮನೆಯವರದಾಗಿದ್ದರೆ? ನಿಮಗೆ ನಾಯಿ ಕಂಡರೆ ಆಗದೆ, ಫೋಟೊಗಾಗಿ ಮಾತ್ರ ಕೈ ಇಟ್ಟಿದ್ದರೆ? ಯಾವನೋ ಹುಚ್ಚ ಎಂದು ಈ ಕಾಗದವನ್ನು ಒಲೆಗೆ ಹಾಕಿದರೆ? ನಿನ್ನೆಯಿಂದ ಇದೇ ಯೋಚನೆ. ಆದರೂ ಕೈಯ ಆ ಹಿಡಿತ ಬೇರೆಯವರ ನಾಯಿಯ ಮೇಲಿಡುವಂಥದ್ದಲ್ಲ ಎಂದು ಮತ್ತೆ ಮತ್ತೆ ನೋಡಿ ಧೈರ್ಯ ತಂದುಕೊಳ್ಳುತ್ತೇನೆ.

ನನ್ನ ಬೇಡಿಕೆ ಇಷ್ಟೇ. ನೀವಿರುವ ಕಾಲದಲ್ಲಿ ಚುರಮರಿ ಇನ್ನೂ ಹುಟ್ಟಿಲ್ಲ, ಆ ಮಧ್ಯಾಹ್ನ ಇನ್ನೂ ಬಂದಿಲ್ಲ. ನೀವು ಇವತ್ತು ಹೇಳಿದರೆ ಅದು ಅವಳು ಸಾಯುವ ಮೊದಲೇ ಹೇಳಿದ ಮಾತಾಗುತ್ತದೆ, ನಮ್ಮ ಮನೆಯ ಬಾಯಿಯಿಂದಲೇ ಹೇಳಿದ್ದಾಗುತ್ತದೆ. ನಾನು ಮುಕ್ಕಾಲು ಗಂಟೆ ತಡ ಮಾಡಿದೆ. ನೀವು ಇನ್ನೂರು ವರ್ಷ ಮೊದಲೇ ಹೇಳಿದರೆ ತಪ್ಪೇನಿಲ್ಲ. ದೀಪ, ಊದಿನಕಡ್ಡಿ ಏನೂ ಬೇಡ. ನಿಮ್ಮ ಮನೆ ಬಾಗಿಲಲ್ಲಿ ನಿಂತು, ಹೊರಗೆ ಮುಖ ಮಾಡಿ, ಊಟಕ್ಕೆ ತಡ ಮಾಡಿದವರನ್ನು ಕರೆಯುವ ದನಿಯಲ್ಲಿ ಒಮ್ಮೆ ಗಟ್ಟಿಯಾಗಿ ಕರೆಯಿರಿ: ಚುರಮರೀ, ಸಾಕು, ಬಾರವ್ವ. ತನ್ನನ್ನೇ ಕರೆದರೆಂದು ನಿಮ್ಮ ಬಂಟಿ ಓಡಿ ಬಂದರೆ ಬೈಯಬೇಡಿ, ರೊಟ್ಟಿಯ ಅಂಚು ಕೊಡಿ. ಅವನ ಹೊತ್ತು ಬಂದಾಗ ನನ್ನ ಹಾಗೆ ಇನ್ನೊಂದು ಗಳಿಗೆ ಎನ್ನಬೇಡಿ.

ನೀವು ಕೇಳಿಸಿಕೊಂಡಿರೋ ಇಲ್ಲವೋ ನನಗೆ ಓಲೆಮನೆಯಿಂದ ತಿಳಿಯುವುದಿಲ್ಲ, ಹಿಂದೋಲೆಗೆ ಉತ್ತರ ಬರುವ ಪದ್ಧತಿಯಿಲ್ಲ. ನಾಳೆ ಮುಂಜಾನೆ ಪುಟಾಣಿಯನ್ನು ಕರೆದುಕೊಂಡು ಮೂರನೇ ಹಗ್ಗಕ್ಕೆ ಹೋಗುತ್ತೇನೆ, ಅವಳು ಎಲ್ಲಿ ಕೂರುತ್ತಾಳೆಂದು ನೋಡುತ್ತೇನೆ. ದಯವಿಟ್ಟು ಅಷ್ಟರೊಳಗೆ ಕರೆಯಿರಿ, ಅಜ್ಜಿ. ಕೂತು ಕೂತು ಚುರಮರಿಗೆ ಸಾಕಾಗಿರಬೇಕು.

ನಿಮ್ಮ ಮನೆಯ ಕೊನೆಯವನು,
ಪರಪ್ಪ, ಮೂರನೇ ಹಗ್ಗ