ಮಧ್ಯಂತರದಲ್ಲಿ ಬರೆದ ಚೀಟಿ

ಅಂಗಡಿಯ ಹಿಂದಿನ ಕೋಣೆಯಿಂದ
ಸೋಮವಾರ, ಹದಿನೆಂಟನೇ ತಾರೀಕು, ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯಮ್ಮ? ಕೆಮ್ಮು ಹೋಯಿತೇ? ಹೋದ ವಾರ ಫೋನಿನಲ್ಲಿ ನೀನು ಮಾತಿಗೊಂದು ಸಲ ಕೆಮ್ಮಿದ್ದನ್ನು ಕೇಳಿದ ಮೇಲೆ ನಿಮ್ಮಮ್ಮ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಆ ಕೆಮ್ಮನ್ನು ನಾನೇ ಪಾರ್ಸೆಲ್ ಮಾಡಿ ಕಳಿಸಿದ್ದೇನೋ ಎಂಬಂತೆ. ಔಷಧಿ ಕಂಪನಿಯಲ್ಲಿ ಕೂತು, ಡಬ್ಬಿಯೊಳಗಿನ ಕಾಗದಕ್ಕೆ 'ದಿನಕ್ಕೆ ಎರಡು ಸಲ, ಊಟವಾದ ಮೇಲೆ' ಎಂದು ಊರಿಗೆಲ್ಲ ಬರೆಯುವವಳು ತಾನು ಮಾತ್ರ ಔಷಧಿ ಮುಟ್ಟುವುದಿಲ್ಲ ಎಂದರೆ ಏನು ಹೇಳೋಣ. ಬಿಸಿನೀರು ಕುಡಿ. ಕಿಟಕಿಯ ಪಕ್ಕದ ಮೇಜು ಬದಲಾಯಿಸಿಕೊಡಿ ಎಂದು ಕೇಳು. ನಾವಿಬ್ಬರೂ ಚೆನ್ನಾಗಿದ್ದೇವೆ. ಅಮ್ಮನ ಮೊಣಕಾಲು ನಮ್ಮ ಮನೆಯ ಮೆಟ್ಟಿಲು ಕಂಡಾಗ ಮಾತ್ರ ನೋಯುತ್ತದೆ, ಪಕ್ಕದ ಮನೆಯ ಮೆಟ್ಟಿಲಿಗೆ ನೋಯುವುದಿಲ್ಲ. ನನ್ನ ಆರೋಗ್ಯಕ್ಕೂ ಏನೂ ಆಗಿಲ್ಲ. ಆಗಿರುವುದು ಬೇರೆ. ಅದನ್ನು ಹೇಳಲೆಂದೇ ನಿನಗೆ ಮೂರು ಸಲ ಫೋನು ಮಾಡಿದೆ, ಮೂರು ಸಲವೂ ಅಲ್ಲಿ ಮಳೆಯಾಯಿತೇ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ.

ನಮ್ಮ ಭಾನುವಾರದ ಕೂಟ ನಿನಗೆ ಹೊಸದಲ್ಲ. ಈ ಹಿಂದಿನ ಕೋಣೆಯಲ್ಲಿ, ಕನ್ನಡಕದ ಫ್ರೇಮಿನ ಡಬ್ಬಗಳ ನಡುವೆ, ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಕೆಳಗೆ ಕೂತು ನೀನು ಶಾಲೆಯ ಲೆಕ್ಕ ಬಿಡಿಸಿದ್ದೇ ನಮ್ಮ ಜಗಳ ಕೇಳಿಕೊಂಡು. ಸಾಹಸದ ಸಿನಿಮಾ ಬಿಟ್ಟು ನಮಗೆ ಬೇರೆ ಮಾತಿಲ್ಲ, ಅದರಲ್ಲೂ ಮೊದಲ ಭಾಗ ಮೇಲೋ ಎರಡನೇ ಭಾಗ ಮೇಲೋ ಎಂಬುದೊಂದೇ ವ್ಯಾಜ್ಯ. ಮೂವತ್ತು ವರ್ಷದಲ್ಲಿ ಎರಡನೇ ಭಾಗ ಗೆದ್ದದ್ದು ಒಂದೇ ಸಲ, ಅದೂ ಲೆಕ್ಕದ ಮೇಷ್ಟ್ರು ಅವತ್ತು ಜ್ವರ ಬಂದು ಮಲಗಿದ್ದರಿಂದ. ಕಣಿವೆಯ ಸಿನಿಮಾದ ಎರಡನೇ ಭಾಗಕ್ಕೆ ಸತ್ತ ಖಳನಾಯಕನ ಅವಳಿ ತಮ್ಮ ಬಂದಾಗ ಮೇಷ್ಟ್ರು ಎದ್ದು ನಿಂತು 'ಇವರಮ್ಮನಿಗೆ ಒಟ್ಟು ಎಷ್ಟು ಮಕ್ಕಳು, ಮೊದಲೇ ಹೇಳಿಬಿಡಿ' ಎಂದದ್ದು ನಿನಗೂ ನೆನಪಿರಬೇಕು. ಕೂಟದ ನಿಯಮವೂ ನಿನಗೆ ಗೊತ್ತು. ಬೆಳಿಗ್ಗೆ ಮೊದಲ ಭಾಗವನ್ನು ಇಲ್ಲೇ ಗೋಡೆಯ ಮೇಲೆ ಹಾಕಿಕೊಂಡು ನೋಡಬೇಕು, ಮಧ್ಯಾಹ್ನ ಒಟ್ಟಿಗೆ ಥಿಯೇಟರಿಗೆ ಹೋಗಿ ಎರಡನೆಯದನ್ನು ನೋಡಬೇಕು, ಯಾವ ಭಾಗ ಮೇಲು, ಯಾಕೆ ಎಂದು ಬರೆದ ಚೀಟಿ ಡಬ್ಬಕ್ಕೆ ಬೀಳುವ ತನಕ ಯಾರೂ ಅಭಿಪ್ರಾಯ ಹೇಳುವಂತಿಲ್ಲ, ಚೀಟಿಗೆ ಹೆಸರು ಹಾಕುವಂತಿಲ್ಲ. ಎಲ್ಲಕ್ಕಿಂತ ಖಾರವಾದ ಚೀಟಿಯನ್ನು ಮೇಷ್ಟ್ರು ನಮ್ಮ ಎರಡು ಪುಟದ ಪತ್ರಿಕೆಯ ತಲೆಯ ಮೇಲೆ ಚೌಕಟ್ಟು ಕಟ್ಟಿ ಹಾಕುತ್ತಾರೆ. ಹೊಗಳಿದ ಚೀಟಿ ಆ ಚೌಕಟ್ಟಿಗೆ ಹತ್ತಿದ್ದನ್ನು ನಾನು ಈವರೆಗೆ ಕಂಡಿಲ್ಲ.

ಮುಳುಗುಗಾರನ ಸಿನಿಮಾಕ್ಕೆ ನಿನ್ನನ್ನು ಮೊದಲು ಕರೆದುಕೊಂಡು ಹೋದಾಗ ನಿನಗೆ ಏಳು ವರ್ಷ. ಕಡಲ ತಳದಲ್ಲಿ ಬಿದ್ದ ಕಂಚಿನ ಗಂಟೆಗಾಗಿ ಅವನು ಬರೀ ಉಸಿರು ಹಿಡಿದು ಇಳಿಯುತ್ತಾನಲ್ಲ, ಆಗ ಥಿಯೇಟರಿಗೆ ಥಿಯೇಟರೇ ಉಸಿರು ಹಿಡಿದಿತ್ತು. ಸ್ವಲ್ಪ ಹೊತ್ತಿಗೆ ಎಲ್ಲರೂ ಸೋತು ಉಸಿರು ಬಿಟ್ಟರು, ನೀನು ಬಿಡಲಿಲ್ಲ. ತಿರುಗಿ ನೋಡಿದರೆ ನಿನ್ನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ. ಹೆದರಿ ಕೆನ್ನೆ ಚಿವುಟಿದೆ. 'ಅಪ್ಪಾ, ಅವನಿನ್ನೂ ಮೇಲೆ ಬಂದಿಲ್ಲ' ಎಂದು ನನಗೇ ಬೈದೆ. ಆಮೇಲೆ ಆ ಸಿನಿಮಾವನ್ನು ನಾವಿಬ್ಬರೂ ಹತ್ತೊಂಬತ್ತು ಸಲ ನೋಡಿದೆವು. ಅಂಥ ಸಿನಿಮಾದ ಎರಡನೇ ಭಾಗಕ್ಕೆ ಕಥೆ ಬರೆಯಲು ನಿನ್ನನ್ನೇ ಕರೆದರು ಎಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಓದುವ ಕನ್ನಡಕ ಮಾಡಿಸಲು ಬಂದವರೆಲ್ಲ ಅರ್ಧ ಗಂಟೆ ನಿನ್ನ ಸುದ್ದಿ ಕೇಳಿಯೇ ಹೋಗಬೇಕಾಯಿತು. ಒಂದೂವರೆ ವರ್ಷ ನೀನು ಮಹಡಿಯ ಕೋಣೆಯಲ್ಲಿ ಬರೆದೆ. ಒಂದು ಹಾಳೆಯನ್ನೂ ನನಗೆ ತೋರಿಸಲಿಲ್ಲ. 'ನೀನು ಥಿಯೇಟರಲ್ಲೇ ನೋಡಬೇಕಪ್ಪಾ' ಎಂದೆ. ಬಿಡುಗಡೆಯ ಶುಕ್ರವಾರ ನನ್ನ ಜೊತೆ ಬಾ ಎಂದು ನೀನು ಕರೆದೆ. ಕೂಟದ ನಿಯಮ ಮುರಿಯಲಾಗುವುದಿಲ್ಲ, ಭಾನುವಾರ ಅವರ ಜೊತೆಗೇ ನೋಡುತ್ತೇನೆ ಎಂದು ನಾನು ದೊಡ್ಡಸ್ತಿಕೆ ತೋರಿಸಿದೆ. ನನ್ನ ಮೊದಲ ತಪ್ಪು ಅದು.

ಆ ಭಾನುವಾರ ಥಿಯೇಟರಿನ ಮೆಟ್ಟಿಲು ಹತ್ತುವಾಗ ನಮ್ಮ ಕೂಟದ ಬಸ್ ಕಂಡಕ್ಟರು ತಮಾಷೆಗೆ, 'ಇವರ ಚೀಟಿ ಲೆಕ್ಕಕ್ಕಿಲ್ಲ ಬಿಡಿ, ಹೆತ್ತವರಿಗೆ ಹೆಗ್ಗಣ ಮುದ್ದು' ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಒಳಗೆ ನಾಟಿತು. ಸಿನಿಮಾ ಶುರುವಾಯಿತು. ನಮ್ಮ ಮುಳುಗುಗಾರನ ತಲೆ ಪೂರ್ತಿ ಬೆಳ್ಳಗಾಗಿದೆ, ದೋಣಿಯಲ್ಲಿ ಕೂತಿದ್ದಾನೆ, ಮಗಳು ನೀರಿಗಿಳಿಯುತ್ತಾಳೆ. ಈಗ ಹಾರುತ್ತಾನೆ, ಇನ್ನೇನು ಹಾರುತ್ತಾನೆ ಎಂದು ಕಾದೆವು. ಮಧ್ಯಂತರ ಬಂದರೂ ಅವನು ಅಂಗಿ ಬಿಚ್ಚಲಿಲ್ಲ. ಹಿಂದಿನ ಸಾಲಿನಿಂದ ಯಾರೋ 'ಏನ್ ಯಜಮಾನ್ರೇ, ನೀರು ತಣ್ಣಗಿದೆಯಾ' ಎಂದು ಕೂಗಿದರು, ಇಡೀ ಥಿಯೇಟರು ಬಿದ್ದು ಬಿದ್ದು ನಕ್ಕಿತು. ನನ್ನ ಕಿವಿ ಕೆಂಪಾಯಿತು. ನಕ್ಕವರ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ನಿನ್ನ ಮೇಲೆ. ನನ್ನ ನಾಯಕನನ್ನು ಮುದುಕನನ್ನಾಗಿ ಮಾಡಿ ಕೂರಿಸಿದೆಯಲ್ಲ ಎಂದು. ಜೊತೆಗೆ ಮಗಳೆಂದು ಪಕ್ಷ ವಹಿಸುವವನು ನಾನಲ್ಲ ಎಂದು ಆ ಐದಾರು ಜನರಿಗೆ ತೋರಿಸಬೇಕೆಂಬ ಹಟ. ಹೊರಗೆ ಬಂದು ಟಿಕೆಟ್ ಕಿಟಕಿಯ ಪಕ್ಕದ ಗೋಡೆಗೆ ಚೀಟಿ ಒತ್ತಿ ಹಿಡಿದು ಬರೆದೆ: 'ಮುಳುಗುವವನನ್ನು ದೋಣಿಯಲ್ಲಿ ಕೂರಿಸಿದ ಈ ಕಥೆ ಬರೆದವರಿಗೆ ನೀರೂ ಗೊತ್ತಿಲ್ಲ, ಅಪ್ಪನೂ ಗೊತ್ತಿಲ್ಲ.' ಹೌದು ಗುಬ್ಬಿ, ಅದನ್ನು ಬರೆದವನು ನಾನೇ. ಇನ್ನೂ ಹೇಳಬೇಕು. ಬರೆದ ಮೇಲೆ ಒಳಗೆ ಹೋಗಲು ಕಾಲು ಬರಲಿಲ್ಲ. ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಕೂತು ಎರಡು ಲೋಟ ಚಹಾ ಕುಡಿದೆ. ಕತ್ತಲಲ್ಲಿ ನಾನಿಲ್ಲದ್ದನ್ನು ಯಾರೂ ಗಮನಿಸಿರಲಿಲ್ಲ, ಜನ ಹೊರಗೆ ಬರುವಾಗ ಅವರ ನಡುವೆ ಸೇರಿಕೊಂಡೆ, ಎಲ್ಲರಿಗಿಂತ ಮೊದಲು ಚೀಟಿ ಹಾಕಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಿನಗೆ ಸಣ್ಣವಳಿದ್ದಾಗ ಬುದ್ಧಿ ಹೇಳುತ್ತಿದ್ದವನು ನಾನು. ನಮ್ಮ ಪತ್ರಿಕೆಯ ಚೌಕಟ್ಟಿನಿಂದ ಆ ಸಾಲು ದಿನಪತ್ರಿಕೆಗೆ ಹೋಯಿತು, ಅಲ್ಲಿಂದ ಎಲ್ಲರ ಬಾಯಿಗೂ ಬಂತು. ಅವತ್ತು ಊಟದ ಮೇಜಿನ ಮೇಲೆ ನೀನು ಪೇಪರು ಮಡಚಿಟ್ಟು ಅದನ್ನು ಗಟ್ಟಿಯಾಗಿ ಓದಿದೆ. ಅಳಲಿಲ್ಲ. 'ಅಪ್ಪಾ, ನಿಮ್ಮ ಕೂಟದಲ್ಲಿ ಇಷ್ಟು ಚೆನ್ನಾಗಿ ಬರೆಯೋರು ಯಾರು?' ಎಂದು ಕೇಳಿದೆ. ಚೀಟಿಗೆ ಹೆಸರು ಹಾಕುವ ಪದ್ಧತಿ ಇಲ್ಲವಲ್ಲಮ್ಮ ಎಂದೆ ನಾನು. ಅದು ನಿಜ. ನಿಜವನ್ನೇ ಇಟ್ಟುಕೊಂಡು ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ನನಗೆ ಅವತ್ತು ಗೊತ್ತಾಯಿತು. ನೀನು ತಟ್ಟೆಯಲ್ಲಿ ಬೆರಳಾಡಿಸುತ್ತ, 'ನೀರು ಗೊತ್ತಿಲ್ಲ ಅಂದಿದ್ದು ಪರವಾಗಿಲ್ಲ. ಇನ್ನೊಂದು ನಿಜ ಇರಬಹುದು ಅನಿಸುತ್ತೆ' ಎಂದೆ. ನಾನು ನಿನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ತಿಂಗಳು ಕಳೆಯುವಷ್ಟರಲ್ಲಿ ನೀನು ಫೋನ್ ನಂಬರು ಬದಲಾಯಿಸಿದೆ, ಬರೆದಿಟ್ಟಿದ್ದನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕಿದೆ, ಔಷಧಿ ಕಂಪನಿಯ ಕೆಲಸಕ್ಕೆ ಹೊರಟೆ. 'ಅಲ್ಲಿ ಯಾರೂ ಎರಡನೇ ಭಾಗ ಕೇಳಲ್ಲ' ಎಂದು ಬಾಗಿಲಲ್ಲಿ ನಿಂತು ನಕ್ಕೆ. ಅಮ್ಮನೂ ನಕ್ಕಳು. ನಾನು ನಲ್ಲಿ ಸೋರುತ್ತಿದೆಯೇನೋ ನೋಡಿ ಬರುತ್ತೇನೆಂದು ಒಳಗೆ ಹೋದೆ. ನಲ್ಲಿ ಸೋರುತ್ತಿರಲಿಲ್ಲ.

ಮೊನ್ನೆ ಮೊನ್ನೆ ಒಬ್ಬ ಹಿರಿಯರು ಮಗಳ ಕೈ ಹಿಡಿದುಕೊಂಡು ಅಂಗಡಿಗೆ ಬಂದರು. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾರೆ, ಹೊಸ ಕನ್ನಡಕ ಬೇಕು. ಮೂಗಿನ ಮೇಲೆ ಫ್ರೇಮು ಕೂರಿಸಿ ಅಳತೆ ನೋಡುತ್ತಿದ್ದೆ. ಕಣ್ಣು ಬಂದ ಮೇಲೆ ಮೊದಲು ನೋಡಿದ್ದು ಮುಳುಗುಗಾರನ ಎರಡನೇ ಭಾಗ, ಮೂರು ಸಲ ನೋಡಿದೆ ಎಂದರು. 'ಅಪ್ಪ ಹಗ್ಗ ಹಿಡಿದು ಎಣಿಸ್ತಾನಲ್ಲ, ಅಲ್ಲಿ ನಂಗೆ ತಡೆಯೋಕೆ ಆಗಲಿಲ್ಲ' ಎಂದರು. ನಾನು ಹೌದು ಹೌದು ಎಂದು ತಲೆಯಾಡಿಸಿದೆ. ಯಾವ ಹಗ್ಗ, ಯಾವ ಎಣಿಕೆ, ನನಗೇನೂ ಗೊತ್ತಿಲ್ಲ. ಬಿಗಿಸಿದ ಸ್ಕ್ರೂವನ್ನೇ ಮತ್ತೆ ಬಿಗಿಸಿದೆ. ಮಾರನೇ ದಿನ ಬುಧವಾರ, ಅಂಗಡಿ ಮುಚ್ಚಿ ಆ ಹಳೇ ಸಣ್ಣ ಥಿಯೇಟರಿಗೆ ಹೋದೆ, ಅಲ್ಲಿ ಮತ್ತೆ ಹಾಕಿದ್ದರು. ಮಗಳು ಮುಳುಗುತ್ತಾಳೆ. ಶ್ವಾಸಕೋಶ ಕೆಟ್ಟು ನೀರಿಗಿಳಿಯಲಾಗದ ಅಪ್ಪ ಹಗ್ಗ ಹಿಡಿದು ಒಂದು, ಎರಡು ಎಂದು ಎಣಿಸುತ್ತಾನೆ. ಎಪ್ಪತ್ತಕ್ಕೆ ಬಂದು ನಿಲ್ಲುತ್ತಾನೆ. ಅಲ್ಲಿಂದ ಮುಂದೆ ಹೋಗದೆ ಮತ್ತೆ ಒಂದರಿಂದ ಶುರು ಮಾಡುತ್ತಾನೆ, ಎಣಿಕೆ ದೊಡ್ಡದಾಗದಿದ್ದರೆ ಹೊತ್ತೂ ಆಗಿಲ್ಲ ಎಂಬಂತೆ. ನಾನು ಮುಖಕ್ಕೆ ಕರವಸ್ತ್ರ ಒತ್ತಿಕೊಂಡು ಅತ್ತೆ. ಅಪ್ಪನನ್ನು ನೀನು ಇಷ್ಟು ಒಳಗಿನಿಂದ ಕಂಡಿದ್ದೆ. ನಾನು ಅದನ್ನು ನೋಡದೆ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದೆ.

ಮೊದಲನೆಯದಕ್ಕೆ ಸಮ ಎಂದು ಈಗಲೂ ಹೇಳುವುದಿಲ್ಲ, ಹೇಳಿದರೆ ನೀನೇ ನಂಬುವುದಿಲ್ಲ. ಬಂದರಿನ ಹೊಡೆದಾಟ ಸಪ್ಪೆ. ದೋಣಿಯ ಹಾಡು ಯಾರ ಒತ್ತಾಯಕ್ಕೆ ಬಂತೋ ಗೊತ್ತಿಲ್ಲ. ಖಳನಾಯಕ ನಮ್ಮ ಹಲ್ಲಿನ ಡಾಕ್ಟರಿಗಿಂತ ಸಾಧು. ಆದರೆ ಆ ಎಣಿಕೆಯಂಥದ್ದು ಮೊದಲ ಭಾಗದಲ್ಲಿ ಎಲ್ಲೂ ಇಲ್ಲ. ಆ ವಾರದ ಭಾನುವಾರ ಕೂಟದಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಮಗಳಿಗೆ ಹೀಗೆ ಮಾಡಿದಿರಾ ಎಂದು ಉಗಿಯುತ್ತಾರೆ ಎಂದುಕೊಂಡಿದ್ದೆ. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡುತ್ತ, 'ಅರ್ಧ ಸಿನಿಮಾ ನೋಡಿ ಚೀಟಿ ಹಾಕಿದಿರಾ?' ಎಂದರು. ಅವರಿಗೆ ಅದೇ ಮಹಾಪರಾಧ. ಆರು ತಿಂಗಳು ನನಗೆ ಬಹಿಷ್ಕಾರ. ನಿನ್ನೆ ಅವರೆಲ್ಲ ಹಿಂದಿನ ಕೋಣೆಯಲ್ಲಿ ಸಿನಿಮಾ ನೋಡಿದರು, ನನ್ನ ಅಂಗಡಿಯಲ್ಲೇ ನಾನು ಮುಂದಿನ ಕೋಣೆಯಲ್ಲಿ ಕೂತಿದ್ದೆ. ಕಂಡಕ್ಟರು ಮಾತ್ರ ಹೊರಗೆ ಬಂದು 'ಹೆಗ್ಗಣ ಅಂದಿದ್ದು ನನ್ನ ತಪ್ಪು' ಎಂದರು. ಅವರದೇನು ತಪ್ಪು. ಅವರ ಬಸ್ಸು ನಿನ್ನ ಊರಿನ ಮೇಲೇ ಹೋಗುವುದರಿಂದ ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ, ಸಂಜೆಗೆ ನಿನಗೆ ಸೇರುತ್ತದೆ.

ಹೊಟ್ಟೆಗೆ ಹಾಕಿಕೋ ಎಂದು ಕೇಳಲು ನನಗೆ ಮುಖವಿಲ್ಲ. ನಿನಗೆ ಸಿಟ್ಟು ಬಂದರೆ ಬರಲಿ, ಎಷ್ಟು ದಿನ ಬೇಕಾದರೂ ಇರಲಿ. ಅಮ್ಮನಿಗೆ ಇವತ್ತು ಮಧ್ಯಾಹ್ನ ಹೇಳುತ್ತೇನೆ, ಆಮೇಲೆ ನನ್ನ ಗತಿ ಏನೋ. ನಿನ್ನ ಸೋದರತ್ತೆಗೆ ನಮ್ಮ ನೆನಪು ತಿಳಿಸು, ಅವಳ ಮನೆಯಲ್ಲಿ ನೀನಿರುವುದೇ ನಮಗೊಂದು ಸಮಾಧಾನ. ಕೆಮ್ಮು ವಾಸಿಯಾಗಲಿ. ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ
ಅಪ್ಪ

ವಿ.ಸೂ.: ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿದ್ದೇನೆ. ಬಸ್ಸಿಗೆ ಹತ್ತು ನಿಮಿಷ ಇದೆ, ಕಂಡಕ್ಟರು ಬಾಗಿಲಲ್ಲಿ ನಿಂತು ಗಡಿಯಾರ ತೋರಿಸುತ್ತಿದ್ದಾರೆ. ಇಷ್ಟೆಲ್ಲ ಬರೆದು ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಗುರುವಾರ ಸಿನಿಮಾ ಕಂಪನಿಯಿಂದ ಅಂಗಡಿಗೆ ಫೋನು ಬಂತು, ನಿನ್ನ ಹೊಸ ನಂಬರು ಅವರ ಬಳಿ ಇಲ್ಲ. ದೊಡ್ಡ ಊರುಗಳಲ್ಲಿ ಬಿದ್ದದ್ದು ಸಣ್ಣ ಊರುಗಳಲ್ಲಿ ತಿಂಗಳುಗಟ್ಟಲೆ ಓಡುತ್ತಿದೆಯಂತೆ. ಮೂರನೇ ಭಾಗ ಮಾಡುತ್ತಾರಂತೆ, ನೀನೇ ಬರೆಯಬೇಕಂತೆ. ಫೋನಿನಲ್ಲಿದ್ದ ಹೆಂಗಸು ಮಾತು ಮುಗಿಸುವ ಮೊದಲೇ ಮೂವತ್ತು ವರ್ಷದ ಚಾಳಿ ನನ್ನ ಬಾಯಿಗೆ ಬಂತು: 'ಮೂರನೇದು ಯಾಕೆ ಬೇಕು ಮೇಡಂ, ಇಲ್ಲಿಗೇ ಬಿಟ್ಟುಬಿಡಿ.' ಹಾಗಾದರೆ ನಿಮ್ಮ ಮಗಳು ಬರೆಯಲ್ಲವಾ ಎಂದು ಅವರು ಕೇಳಿದರು. ಇಲ್ಲ ಎಂದೆ. ಇನ್ನೊಬ್ಬ ಯಾರೋ ನಿನ್ನ ಮೇಲೆ ಚೀಟಿ ಬರೆದಾನು ಎಂಬ ಭಯವೋ ಏನೋ, ಆ ಹಗ್ಗ ನೋಡಿ ಅತ್ತು ಬಂದ ಎಂಟೇ ದಿನಕ್ಕೆ ಹಾಗೆ ಹೇಳಿದೆ. ಶುಕ್ರವಾರ ಎರಡು ಬಸ್ಸು ಬದಲಾಯಿಸಿ ಅವರ ಆಫೀಸಿಗೇ ಹೋದೆ, ಆ 'ಇಲ್ಲ' ನನ್ನದು, ನನ್ನ ಮಗಳದ್ದಲ್ಲ ಎಂದು ಹೇಳಿ ಬಂದೆ. ಬುಧವಾರದವರೆಗೆ ಕಾಯುತ್ತಾರೆ. ಅವರ ನಂಬರು ಲಕೋಟೆಯ ಒಳಬದಿಯಲ್ಲಿದೆ. ಬರೆ ಎಂದು ನಾನು ಹೇಳುವುದಿಲ್ಲ. ಬೇಡ ಎನ್ನುವುದಾದರೂ ಫೋನು ಮಾಡಿ ನೀನೇ ಅನ್ನು ಗುಬ್ಬಿ, ನಿನ್ನ ಬದಲು ನಾನು ಹೇಳಿದ್ದು ಸಾಕು.