ಒಂದೂ ವರದಿ ಬಾರದ ವರ್ಷ

ಪ್ರೀತಿಯ ಅತ್ತಿಗೆಗೆ,

ಹಾಗೆ ಕರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಅಣ್ಣ ನನ್ನ ಫೋನ್ ಎತ್ತುವುದನ್ನು ಬಿಟ್ಟು ಹದಿನಾಲ್ಕು ತಿಂಗಳಾಯಿತು. ಈ ಕಾಗದವನ್ನು ನೀವು ಓದದೆ ಹರಿದು ಹಾಕಿದರೂ ತಪ್ಪು ತಿಳಿಯುವುದಿಲ್ಲ. ಆದರೆ ಆಸ್ಪತ್ರೆಯಲ್ಲಿ ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ರಕ್ತನಿಧಿಯಲ್ಲಿ ನನಗೆ ಹೊಸ ಜವಾಬ್ದಾರಿ ಕೊಟ್ಟಾಗ ಮನೆಯಲ್ಲಿ ಮೊದಲು ನಕ್ಕವರು ನೀವೇ. ರಕ್ತ ಕೊಟ್ಟವರಿಗಾಗಲಿ, ಪಡೆದವರಿಗಾಗಲಿ ತೊಂದರೆಯಾದರೆ ಅದನ್ನು ಬರೆದಿಡಬೇಕು, ಯಾಕಾಯಿತೆಂದು ಹುಡುಕಬೇಕು, ಮತ್ತೆ ಆಗದಂತೆ ನೋಡಿಕೊಳ್ಳಬೇಕು. "ಅಂದ್ರೆ ಎಲ್ಲರ ತಪ್ಪು ಹುಡುಕೋ ಸಾಹೇಬ್ರು ಅನ್ನಿ" ಎಂದಿರಿ, ಅದೇ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ನರ್ಸ್ ಕೆಲಸ ಮಾಡಿದವರ ಗತ್ತಿನಲ್ಲಿ. ಅಂದಿನಿಂದ ನಾನು ಮನೆಯಲ್ಲಿ ಸಾಹೇಬನಾದೆ. ಪ್ರತಿ ವಾರ್ಡಿನ ಬಾಗಿಲಿಗೆ ಒಂದೊಂದು ತಗಡಿನ ಡಬ್ಬಿ ತೂಗುಹಾಕಿದೆ. ವರದಿಯ ಫಾರ್ಮಿನಲ್ಲಿ ಬರೆಯುವವರ ಹೆಸರಿಗೆ ಜಾಗವೇ ಇರಲಿಲ್ಲ. ಮೊದಲ ತಿಂಗಳು ಸಿಕ್ಕಿದ್ದು ಒಂದೇ ಚೀಟಿ: ಕ್ಯಾಂಟೀನಿನ ಚಹಾ ನೀರಾಗಿದೆ, ಕ್ರಮ ಕೈಗೊಳ್ಳಿ. ಅದನ್ನು ಕೇಳಿ ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಿರಿ.

ಆಮೇಲೊಂದು ಮಧ್ಯಾಹ್ನ ಒಣಗಿದ ಬಟ್ಟೆ ಮಡಚುತ್ತಾ ಕುಳಿತಿದ್ದವರು ಕೈ ನಿಲ್ಲಿಸಿದಿರಿ. ನಿಮ್ಮ ವಾರ್ಡಿನಲ್ಲಿ ಒಬ್ಬರಿಗೆ ಬೇರೆ ಗುಂಪಿನ ರಕ್ತ ಹೋಗಿತ್ತು. ರಕ್ತದ ಮಾದರಿ ತೆಗೆಯುವ ಟ್ಯೂಬುಗಳ ಮೇಲೆ ಬೆಳಿಗ್ಗೆಯೇ ಮೇಜಿನ ಹತ್ತಿರ ಕುಳಿತು ಹೆಸರು ಬರೆದಿಟ್ಟುಕೊಳ್ಳುವುದು ಎಲ್ಲ ವಾರ್ಡಿನ ರೂಢಿ. ರೋಗಿಯ ಹಾಸಿಗೆಯ ಪಕ್ಕ ನಿಂತು, ಹೆಸರು ಕೇಳಿ, ಆಮೇಲೆ ಬರೆಯಬೇಕೆಂಬುದು ಪುಸ್ತಕದ ಮಾತು. ಮೂವತ್ತು ರೋಗಿಗಳಿಗೆ ಇಬ್ಬರು ನರ್ಸ್ ಇರುವ ಕಡೆ ಪುಸ್ತಕಕ್ಕೆ ಯಾರು ಕಿವಿಗೊಡುತ್ತಾರೆ? ಅವತ್ತು ಸೆಕೆ ತಾಳಲಾರದೆ ಇಬ್ಬರು ಹಾಸಿಗೆ ಬದಲಾಯಿಸಿಕೊಂಡಿದ್ದರು, ಒಬ್ಬನಿಗೆ ಫ್ಯಾನು ಬೇಕಾಗಿತ್ತು. ಒಬ್ಬನ ರಕ್ತ ಇನ್ನೊಬ್ಬನ ಹೆಸರಿನ ಟ್ಯೂಬಿಗೆ ಸೇರಿತು.

ಆದರೆ ರಕ್ತ ಶುರುವಾದ ಮೇಲೆ ಮೊದಲ ಹದಿನೈದು ನಿಮಿಷ ರೋಗಿಯ ಪಕ್ಕದಿಂದ ಕದಲದಿರುವುದು ನಿಮ್ಮ ಅಭ್ಯಾಸ. "ಸೊಂಟ ಹಿಡ್ಕೊಂಡ ಹಾಗಾಗ್ತಿದೆ ಸಿಸ್ಟರ್" ಎಂದು ಆತ ಅಂದ ಕ್ಷಣವೇ ನಿಲ್ಲಿಸಿದಿರಿ, ಓಡಿಹೋಗಿ ಡಾಕ್ಟರನ್ನು ಕರೆತಂದಿರಿ. ಆತ ಬದುಕಿ ನಡೆದುಕೊಂಡೇ ಮನೆಗೆ ಹೋದ. ಟ್ಯೂಬು ಅದಲುಬದಲಾದದ್ದು ನಿಮ್ಮೊಬ್ಬರಿಗೇ ಹೊಳೆದಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಬರೀಲೇನೋ?" ಎಂದು ಕೇಳಿದಿರಿ.

"ಬರೀರಿ ಅತ್ತಿಗೆ. ಯಾರ ಹೆಸರೂ ಹೊರಗೆ ಬರಲ್ಲ. ನಾನಿದ್ದೀನಲ್ಲ" ಎಂದೆ.

ನಾನಿದ್ದೀನಲ್ಲ! ಆ ಮಾತು ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ನಿಮ್ಮ ವರದಿಯ ಮೇಲೆ ಕರೆದ ಸಭೆಯಲ್ಲಿ ಒಂಬತ್ತು ಜನ ಕುಳಿತಿದ್ದರು. ಟ್ಯೂಬಿಗೆ ಹೆಸರು ಬರೆಯುವ ಪದ್ಧತಿಯನ್ನೇ ಬದಲಿಸಬೇಕೆಂದು ನಾನು ಎರಡು ಪುಟ ಓದಿದೆ. ದೊಡ್ಡ ಡಾಕ್ಟರಿಗೆ ಬೇಕಾಗಿದ್ದದ್ದು ಅದಲ್ಲ. "ಅದೆಲ್ಲ ಇರ್ಲಿ ಕಣಯ್ಯಾ, ಅವತ್ತು ಡ್ಯೂಟೀಲಿ ಯಾರಿದ್ರು?" ಎಂದರು. ಗೊತ್ತಿಲ್ಲ ಎನ್ನಬಹುದಿತ್ತು, ಹೇಳುವುದಿಲ್ಲ ಎನ್ನಬಹುದಿತ್ತು. ನಾನು ಹೇಳಿದ್ದು: "ಡ್ಯೂಟಿ ಪಟ್ಟಿ ನೋಡಿದ್ರೆ ಗೊತ್ತಾಗುತ್ತೆ ಸರ್." ಹೆಸರು ಹೇಳಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎಂಥ ಹೇಡಿಯ ಸಮಾಧಾನ ಅತ್ತಿಗೆ.

ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವರು ನೀವು. ಕೆಲಸದಿಂದ ತೆಗೆದ ಆದೇಶ ಹಿಡಿದುಕೊಂಡು ಮನೆಗೆ ಬಂದ ದಿನ ನೀವು ಬೈಯಲೂ ಇಲ್ಲ. "ನೀನು ಹೇಳಿದ್ದಕ್ಕೆ ಬರೆದೆ ಕಣೋ" ಎಂದಷ್ಟೇ ಅಂದು ಒಳಗೆ ಹೋದಿರಿ. ತಿಂಗಳು ತುಂಬುವುದರೊಳಗೆ ಮನೆ ಖಾಲಿ ಮಾಡಿ, ಊರನ್ನೇ ಬಿಟ್ಟಿರಿ.

ತಪ್ಪಿತಸ್ಥರಿಗೆ ಶಿಕ್ಷೆಯಾಯಿತಲ್ಲ ಎಂದು ನನ್ನ ಎರಡು ಪುಟ ಕಪಾಟು ಸೇರಿದವು. ಟ್ಯೂಬುಗಳಿಗೆ ಈಗಲೂ ಬೆಳಿಗ್ಗೆಯೇ ಮೇಜಿನ ಹತ್ತಿರ ಹೆಸರು ಬರೆಯುತ್ತಾರೆ. ಡಬ್ಬಿಗಳಲ್ಲಿ ಚಹಾದ ದೂರು ಕೂಡ ಬೀಳುವುದಿಲ್ಲ. ವರ್ಷದ ಕೊನೆಗೆ, ಒಂದೂ ತಪ್ಪಾಗದ ಆಸ್ಪತ್ರೆ ಎಂದು ನಮಗೆ ಪ್ರಶಸ್ತಿಪತ್ರ ಬಂತು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ.

ಕಳೆದ ವಾರ ಹೆರಿಗೆ ವಾರ್ಡಿನಲ್ಲಿ ಒಬ್ಬ ಬಾಣಂತಿಗೆ ರಕ್ತ ಬೇಕಾಯಿತು. ಮತ್ತೆ ಅದೇ ಅದಲುಬದಲು. ಆಕೆ ಚಳಿ ಎಂದಳು, ಸೊಂಟ ನೋವು ಎಂದಳು. ಡ್ಯೂಟಿಯಲ್ಲಿದ್ದ ನರ್ಸ್ ಹುಡುಗಿ ಕೂಡಲೇ ಅರ್ಥಮಾಡಿಕೊಂಡು ರಕ್ತ ನಿಲ್ಲಿಸಿದಳು. ಆದರೆ ಚೀಲವನ್ನು ಕಸದ ಬುಟ್ಟಿಯಲ್ಲಿ ಹತ್ತಿಯ ಕೆಳಗೆ ತುರುಕಿ, ಡಾಕ್ಟರಿಗೆ ಚಳಿಜ್ವರ ಎಂದು ಹೇಳಿದಳು. ಅವರು ಜ್ವರಕ್ಕೆ ಸೂಜಿಮದ್ದು ಕೊಟ್ಟರು. ಸಂಜೆಗೆ ಮೂತ್ರ ನಿಂತುಹೋಯಿತು. ಎರಡನೇ ದಿನ ಬಾಣಂತಿ ತೀರಿಕೊಂಡಳು.

ಆ ಹುಡುಗಿ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. "ಮೊದಲೇ ಯಾಕಮ್ಮ ಹೇಳಲಿಲ್ಲ?" ಎಂದು ಕೂಗಾಡಿದೆ. ಅವಳು ಕಣ್ಣೊರೆಸಿಕೊಂಡು ಹೇಳಿದಳು: "ನಿಮ್ಮ ಸ್ವಂತ ಅತ್ತಿಗೇನೇ ನೀವು ಉಳಿಸ್ಕೊಳ್ಳಲಿಲ್ಲ ಸರ್. ನನ್ನನ್ನ ಉಳಿಸ್ತಿದ್ರಾ?"

ವರದಿ ಬರೆದರೆ ಅವಳಿಗೂ ನಿಮ್ಮ ಗತಿಯೇ, ಉಳಿದ ನರ್ಸುಗಳು ಇನ್ನಷ್ಟು ಆಳವಾಗಿ ಹೂತಿಡುತ್ತಾರೆ. ಬರೆಯದಿದ್ದರೆ ಸತ್ತವಳಿಗೆ ದ್ರೋಹ. ಫಾರ್ಮು ಐದು ದಿನದಿಂದ ಮೇಜಿನ ಮೇಲಿದೆ. ತಾರೀಖು ಬಿಟ್ಟು ಬೇರೇನೂ ಬರೆಯಲು ಕೈ ಬಂದಿಲ್ಲ.

ಇವತ್ತು ಬೆಳಿಗ್ಗೆ ರಕ್ತದಾನಕ್ಕೆಂದು ಒಬ್ಬಾತ ಬಂದ. ಗಡ್ಡ ಬೆಳೆದಿತ್ತು, ಅಂಗಿಯ ಭುಜದ ಮೇಲೆ ಹಾಲಿನ ಕಲೆ. ಫಾರ್ಮ್ ತುಂಬುವಾಗ ಗೊತ್ತಾಯಿತು, ಆ ಬಾಣಂತಿಯ ಗಂಡ. ಮನೆಯಲ್ಲಿ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಬಂದಿದ್ದ. "ಯಾರೋ ಪುಣ್ಯಾತ್ಮರು ನನ್ನ ಹೆಂಡ್ತಿಗೆ ಕೊಟ್ಟಿದ್ರಲ್ಲ ಸರ್. ನಾನೂ ಯಾರಿಗಾದ್ರೂ ಕೊಡ್ತೀನಿ" ಎಂದು ಮಂಚದ ಮೇಲೆ ಮಲಗಿ ತೋಳು ಚಾಚಿದ. ಸೂಜಿ ಚುಚ್ಚಿದವನು ನಾನೇ. ಚೀಲ ತುಂಬುತ್ತಿರುವಾಗ ಆತ ಛಾವಣಿ ನೋಡುತ್ತಾ ಕೇಳಿದ, "ಅವಳಿಗೆ ರಕ್ತ ಟೈಮಿಗೆ ಸರಿಯಾಗಿ ಸಿಕ್ತು ಅಲ್ವಾ ಸರ್?"

"ಸಿಕ್ತು" ಎಂದೆ ಅತ್ತಿಗೆ.

ಚೀಲ ತುಂಬಿ ಸೂಜಿ ತೆಗೆದ ಮೇಲೆ ಆತ ಎದ್ದು ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

ನಿಮ್ಮಿಂದ ಕ್ಷಮೆ ಕೇಳುವ ಮುಖ ನನಗಿಲ್ಲ, ಉತ್ತರವನ್ನೂ ಬೇಡುವುದಿಲ್ಲ. ನೀವು ಎಲ್ಲಿದ್ದರೂ ನಿಮ್ಮ ಹೊಟ್ಟೆ ತಣ್ಣಗಿರಲಿ.

ನೀವು ಸಾಕಿದ,
ನಿಮಗೆ ಆಗಿಬಾರದ ಮೈದುನ